ಎಂಡೋಸ್ಕೋಪ್ ದೀಪ, ಆರನೇ ಕಂತು: ಗೆಲ್ ಒರೆಸಿದೆ, ಬೆಳಕು ಹೆಚ್ಚಿತು

ಕೊನೆಗೂ ಬೆಳಕು ಬಂತು! ನಿನ್ನೆ ರಾತ್ರಿ ಹನ್ನೊಂದೂವರೆಗೆ ಬೆಳಕನ್ನೆಲ್ಲ ಕೂಡಿಸಿ ಅಳೆಯಲು ಇಟ್ಟ ಥರ್ಮಾಕೋಲ್ ಗೋಳಕ್ಕೆ ಸಿಕ್ಕಿಸಿದ ಲಕ್ಸ್ ಮೀಟರ್ 790 ತೋರಿಸಿತು. ಹೋದ ತಿಂಗಳು ಇದೇ ಗೋಳ, ಇದೇ 700 ಮಿಲಿಆಂಪ್ ಕರೆಂಟು, ಬೆಳಕು ಸಾಗಿಸುವ ಇದೇ ಗಾಜಿನ ಎಳೆಗಳ ಕಟ್ಟು ಇಟ್ಟುಕೊಂಡು 410ಕ್ಕಿಂತ ಮೇಲೆ ಏರಿರಲಿಲ್ಲ. ಖುಷಿಗೆ ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ.

ಹಿಂದಿನ ಕಂತು ಓದದವರಿಗೆ ಚುಟುಕಾಗಿ: ಅತ್ತಿಗೆ ಕಿವಿ-ಮೂಗು-ಗಂಟಲಿನ ವೈದ್ಯೆ. ಬಳಕೆಯಿಂದ ತೆಗೆದ 4 ಮಿ.ಮೀ.ನ, ಬಾಗದ ಗಟ್ಟಿ ಎಂಡೋಸ್ಕೋಪ್ (ದೇಹದೊಳಗೆ ಇಣುಕುವ ಕೊಳವೆ) ಒಂದನ್ನು ನನಗೆ ಕೊಟ್ಟಿದ್ದಾರೆ. ಅದರ ಬೆಳಕಿನ ಪೋಸ್ಟಿಗೆ, ಅಂದರೆ ಬೆಳಕು ಒಳಹೋಗುವ ಮೂತಿಗೆ, ನೇರವಾಗಿ ಕೂರುವ, ಹೆಬ್ಬೆರಳ ಗಾತ್ರದ ಎಲ್‌ಇಡಿ ದೀಪ ಮಾಡಬೇಕು. 300 ವ್ಯಾಟಿನ ಕ್ಸೆನಾನ್ ಪೆಟ್ಟಿಗೆಯೂ ಬೇಡ, ಅದರ ದಪ್ಪ ಕೇಬಲ್ಲೂ ಬೇಡ. ಪರೀಕ್ಷೆ ಎಲ್ಲವೂ ದೊಣ್ಣೆಮೆಣಸಿನಕಾಯಿಯೊಳಗೆ. ಮನುಷ್ಯರ ಹತ್ತಿರ ಇದನ್ನು ಒಯ್ಯುವುದಿಲ್ಲ.

ಡ್ರೈವರ್, ತಾಮ್ರದ ಹೀಟ್‌ಸಿಂಕ್, ಕವಚದ ಲೇತ್ ಕೆಲಸ ಎಲ್ಲ ಸಲೀಸಾಗಿ ಮುಗಿದವು. ಎರಡು ತಿಂಗಳು ತಿಂದದ್ದು ಎಲ್‌ಇಡಿಗೂ ಎಳೆಗಳ ಕಟ್ಟಿಗೂ ನಡುವಿನ ಒಂದು ಇಂಚು ಜಾಗ.

ಪೋಸ್ಟಿನೊಳಗಿನ ಕಟ್ಟು 2 ಮಿ.ಮೀ. ವ್ಯಾಸದ್ದು. ಅದು ಬೆಳಕು ಸ್ವೀಕರಿಸುವ ಕೋನದ ಅಳತೆ, ಎನ್‌ಎ, 0.55; ಅಂದರೆ ನಡುಗೆರೆಯಿಂದ ಸುಮಾರು 33 ಡಿಗ್ರಿಯೊಳಗೆ ಬಂದ ಕಿರಣವನ್ನಷ್ಟೇ ಒಳಗೆ ಬಿಟ್ಟುಕೊಳ್ಳುತ್ತದೆ. ಎಲ್‌ಇಡಿಯಾದರೋ ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಕಟ್ಟನ್ನು ಎಲ್‌ಇಡಿಯೊಳಗಿನ ಬೆಳಕು ಹೊಮ್ಮುವ ಚಿಪ್ಪಿಗೆ ತಾಗಿಸಿದಂತೆ ಇಟ್ಟರೆ ಸಿಗುವುದು 0.55ರ ವರ್ಗ, ಅಂದರೆ ಶೇ. 30. ಅದರಲ್ಲೂ ಎಳೆಗಳ ಸಂದಿಗೆ ಬಿದ್ದದ್ದು ಹಾಳು. ನನ್ನ 410 ಬಂದದ್ದು ಹೀಗೆ.

ಮೊದಲು 4 ಚದರ ಮಿ.ಮೀ.ನ ದೊಡ್ಡ ಚಿಪ್ ಹಾಕಿ ನೋಡಿದ್ದೆ. ಲ್ಯೂಮೆನ್ ಜಾಸ್ತಿಯಾಯಿತು, ತಾಮ್ರ ಕೈ ಸುಡುವಷ್ಟು ಕಾಯಿತು, ಕಟ್ಟಿನ ಆ ತುದಿಯಲ್ಲಿ ಬೆಳಕು ಮಾತ್ರ ಅಷ್ಟೇ. ಪಾವಿಗೆ ಸೇರು ಅಕ್ಕಿ ಸುರಿದಂತೆ. ಹೊಮ್ಮುವ ಜಾಗ ಮತ್ತು ಹೊಮ್ಮುವ ಕೋನ ಎರಡೂ ಸೇರಿದ ಹರವು ಎಟೆಂಡ್ಯೂ. ಯಾವ ಲೆನ್ಸೂ ಅದನ್ನು ಬೆಳಕು ಕಳೆಯದೆ ಕುಗ್ಗಿಸಲಾರದು. ಚುಕ್ಕೆ ಸಣ್ಣದಾದರೆ ಕೋನ ದೊಡ್ಡದಾಗುತ್ತದೆ. ಲೆಕ್ಕ ಹಾಕಿದರೆ 2 ಮಿ.ಮೀ. ಕಟ್ಟಿನ ಎಟೆಂಡ್ಯೂ 2.99, 1 ಚದರ ಮಿ.ಮೀ. ಬರಿ ಚಿಪ್ಪಿನದು 3.14. ಹೇಳಿ ಮಾಡಿಸಿದ ಜೋಡಿ! ಅದೇ ಚಿಪ್ಪಿನ ಮೇಲೆ ಸಿಲಿಕೋನ್ ಡೋಮ್ (ಪಾರದರ್ಶಕ ಗುಮ್ಮಟ) ಇದ್ದರೆ ಅದು ಭೂತಗನ್ನಡಿಯಂತೆ ಚಿಪ್ಪನ್ನು ಹಿಗ್ಗಿಸುತ್ತದೆ. ಎಟೆಂಡ್ಯೂ ವಕ್ರೀಭವನಾಂಕದ ವರ್ಗದಷ್ಟು ಏರಿ 7ರ ಆಸುಪಾಸಿಗೆ ಹೋಗುತ್ತದೆ. ಮೇಲೆ ಎಂಥ ಲೆನ್ಸ್ ಕೂರಿಸಿದರೂ ಅರ್ಧಕ್ಕಿಂತ ಹೆಚ್ಚು ಹೊರಗೇ.

ಹಾಗಾಗಿ ಡೋಮ್ ಇಲ್ಲದ್ದೇ ಬೇಕೆಂದು ಆರ್ಡರ್ ಮಾಡಿದೆ. ಡೋಮ್ ಇದ್ದದ್ದು ಬಂತು. ವಾಪಸ್ ಕಳಿಸಿ ಚಿತ್ರ ಸಮೇತ ಬರೆದೆ. ಮತ್ತೆ ಡೋಮ್! ಅಂಗಡಿಯವರು ಫೋನಿನಲ್ಲಿ, "ಸಾರ್, ಡೋಮ್ ಇದ್ರೆ ಲ್ಯೂಮೆನ್ ಜಾಸ್ತಿ ಅಲ್ವಾ, ನಿಮಗೆ ಒಳ್ಳೇದೇ ಕೊಟ್ಟಿದೀವಿ" ಅಂದರು. ಟಾರ್ಚ್ ಹವ್ಯಾಸಿಗಳಂತೆ ಪೆಟ್ರೋಲಿನಲ್ಲಿ ನೆನೆಸಿ ಡೋಮ್ ಕೀಳಲು ಹೋದೆ. ನಾಲ್ಕರಲ್ಲಿ ಮೂರರ ತಂತಿ ಹರಿಯಿತು. ಉಳಿದ ಒಂದರ ಬಣ್ಣ ಹಳದಿಗೆ ತಿರುಗಿತು, ಏಕೆಂದರೆ ಹೊರಹೋಗಬೇಕಿದ್ದ ನೀಲಿ ಬೆಳಕು, ನೀಲಿಯನ್ನು ಹಳದಿ ಮಾಡುವ ಫಾಸ್ಫರ್ ಲೇಪಕ್ಕೇ ಮರಳಿ ಬೀಳುತ್ತದೆ. ಅಂಗಾಂಶದ ಕೆಂಪು ನೋಡಿ ಉರಿಯೂತ ಗುರುತಿಸುವವರಿಗೆ ಇಂಥ ಬಣ್ಣ ಆಗದು. ಮೂರನೇ ಅಂಗಡಿಯಲ್ಲಿ ಸಮತಟ್ಟಾದ ಎಲ್‌ಇಡಿ ಸಿಕ್ಕಿತು, ಬೆಲೆ ಎರಡು ಪಟ್ಟು.

ಇನ್ನು ಕೋನ ಕುಗ್ಗಿಸುವ ಗಾಜು. ಸಣ್ಣ ಮುಖದಿಂದ ದೊಡ್ಡ ಮುಖಕ್ಕೆ ಅಗಲವಾಗುವ ಆಲಿಕೆಯಾಕಾರದ ಕಡ್ಡಿ. ಮೊದಲು ಅಕ್ರಿಲಿಕ್‌ನಲ್ಲಿ ಕಡೆಸಿದ್ದೆ, ಹತ್ತು ನಿಮಿಷದಲ್ಲಿ ಮೂತಿ ಮೆತ್ತಗಾಯಿತು. ಆಮೇಲೆ 3 ಮಿ.ಮೀ.ನ ಬೋರೋಸಿಲಿಕೇಟ್ ಕಡ್ಡಿಯನ್ನು ಬರ್ನರಿನ ಉರಿಯಲ್ಲಿ ತಿರುಗಿಸುತ್ತ, ಕೆಂಪಾದ ಕೂಡಲೇ ಹೊರತೆಗೆದು ಎಳೆದೆ. ಬೆಲ್ಲದ ಪಾಕದಂತೆ ಎಳೆ ಬರುತ್ತದೆ, ಮೈ ಕನ್ನಡಿಯಷ್ಟು ನಯ, ಪಾಲಿಶ್ ಬೇಕಿಲ್ಲ. ಒಂದು ಕಡೆ 1.15, ಇನ್ನೊಂದು ಕಡೆ 2 ಮಿ.ಮೀ. ಇರುವಲ್ಲಿ ಕತ್ತರಿಸಿ ಎರಡು ಮುಖ ಉಜ್ಜಿದೆ. ಚಿಪ್ಪಿನ ನಾಲ್ಕು ಮೂಲೆಯೂ ಬೇಕೆಂದರೆ 1.42 ಆಗಬೇಕಿತ್ತು. ಆಗ ಆಚೆ ಕಡೆ ಕೋನ ಮಿತಿ ಮೀರುತ್ತದೆ. ಮೂಲೆ ಬಿಟ್ಟುಕೊಟ್ಟರೂ ಚಿಪ್ಪಿನ ಶೇ. 92 ಸಿಗುತ್ತದೆ.

ಜೋಡಿಸಿದೆ. ಮೀಟರ್: 430. ಒಂದು ವಾರ ತಲೆ ಕೆಟ್ಟಿತ್ತು.

ದೀಪವೆಲ್ಲ ಆರಿಸಿ ಬರಿಗಣ್ಣಿನಲ್ಲಿ ನೋಡಿದಾಗ ಒಂದು ಗುಟ್ಟು ಬಯಲಾಯಿತು. ಕಡ್ಡಿಯನ್ನು ಹಿಡಿದಿಟ್ಟ ಅಂಟಿನ ಉಂಗುರವೇ ದೀಪಾವಳಿಯ ಹಣತೆಯಂತೆ ಬೆಳಗುತ್ತಿತ್ತು. ಗಾಜಿನ ಮೈಗೆ ಗಾಳಿಯಂಥ ಕಡಿಮೆ ವಕ್ರೀಭವನಾಂಕದ ವಸ್ತು ಇದ್ದರಷ್ಟೇ ಬೆಳಕು ಒಳಗೇ ಪುಟಿಯುವ ಪೂರ್ಣ ಆಂತರಿಕ ಪ್ರತಿಫಲನ, ಅಂಟು ತಾಗಿದಲ್ಲಿ ಬೆಳಕು ಸೋರುತ್ತದೆ. 1954ರಲ್ಲಿ ಭೌತವಿಜ್ಞಾನಿಗಳಾದ ಹಾಪ್ಕಿನ್ಸ್ ಮತ್ತು ನರಿಂದರ್ ಸಿಂಗ್ ಕಪಾನಿ ಎಳೆಗಳ ಕಟ್ಟಿನಿಂದ ಚಿತ್ರ ಸಾಗಿಸಿ ತೋರಿಸಿದರು. ಬರಿ ಎಳೆಗಳು ಒಂದಕ್ಕೊಂದು ತಾಗಿದಲ್ಲಿ ಸೋರುವುದಕ್ಕೆ ಮದ್ದಾಗಿ, ಮಿಷಿಗನ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಲಾರೆನ್ಸ್ ಕರ್ಟಿಸ್ 1956ರ ಕೊನೆಗೆ ಗಾಜಿನ ಮೇಲೆ ಕಡಿಮೆ ವಕ್ರೀಭವನಾಂಕದ ಗಾಜಿನದೇ ಹೊದಿಕೆ ಕೊಟ್ಟರು. ವೈದ್ಯ ಹಿರ್ಷೋವಿಟ್ಸ್ ಅವರ, ಜಠರದೊಳಗೆ ನೋಡುವ ಗ್ಯಾಸ್ಟ್ರೋಸ್ಕೋಪ್ ಹುಟ್ಟಿದ್ದು ಅದರಿಂದ. ನನ್ನ ಕಡ್ಡಿಗೆ ಹೊದಿಕೆ ಕೊಡಲಾರೆ. ದಪ್ಪ ತುದಿಯ ಹತ್ತಿರ ಮೂರು ನೈಲಾನ್ ಸ್ಕ್ರೂಗಳ ಮೊನೆ ಮಾತ್ರ ತಾಗುವಂತೆ ಹಿಡಿದೆ. 560.

ಉಳಿದದ್ದು ಎಲ್ಲಿ? ಚಿಪ್ಪಿಗೂ ಕಡ್ಡಿಗೂ ನಡುವೆ ಆಪ್ಟಿಕಲ್ ಗೆಲ್ ಹಾಕಿದ್ದೆ, ಗಾಜು-ಗಾಳಿ ಗಡಿಯ ಶೇ. 4 ನಷ್ಟ ಉಳಿಸೋಣ ಅಂತ. ನಿನ್ನೆ ಸಂಜೆ ಕಾಫಿ ಕುಡಿಯುವಾಗ ಹೊಳೆಯಿತು: ಆ ಗೆಲ್ಲೂ ಡೋಮೇ! ಗೆಲ್ ತಾಗಿದರೆ ಚಿಪ್ಪಿನಿಂದ ಹೆಚ್ಚು ಬೆಳಕು ಹೊರಬರುವುದು ನಿಜ, ಆದರೆ ಗಾಜಿನೊಳಗೆ ಅದು 90 ಡಿಗ್ರಿವರೆಗೂ ಹರಡಿ ಎಟೆಂಡ್ಯೂ ಮತ್ತೆ ಎರಡು ಪಟ್ಟು. ಗಾಳಿಯ ಸಂದು ಇದ್ದರೆ ಗಾಜಿಗೆ ಇಳಿಯುವ ಕಿರಣವೆಲ್ಲ ಸುಮಾರು 43 ಡಿಗ್ರಿಯೊಳಗೆ ಬಾಗುತ್ತದೆ. ಗೆಲ್ ಒರೆಸಿ, ಕೂದಲೆಳೆಯಷ್ಟು ಸಂದು ಬಿಟ್ಟೆ. 740. ಅದೇ ಗೆಲ್ ಅನ್ನು ಕಡ್ಡಿಯ ಆಚೆ ತುದಿಗೂ ಕಟ್ಟಿಗೂ ನಡುವೆ ಹಚ್ಚಿದೆ. ಅಲ್ಲಿ ಕೋನ ಆಗಲೇ ಕುಗ್ಗಿರುವುದರಿಂದ ಹಾನಿಯಿಲ್ಲ, ನಷ್ಟ ಮಾತ್ರ ಉಳಿತಾಯ. 790!

ಈ ಕಡ್ಡಿ ಎಳೆಯುವ ಕೆಲಸ ಕೈಗೆ ಹತ್ತಿದ ಮೇಲೆ ಇನ್ನೊಂದು ಆಸೆ ಶುರುವಾಗಿದೆ. 415 ಮತ್ತು 540 ನ್ಯಾನೋಮೀಟರ್ ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಚೆನ್ನಾಗಿ ಹೀರುತ್ತದೆ, ಹಾಗಾಗಿ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ. ಇಂಥ ಆಯ್ದ ಬಣ್ಣಗಳಲ್ಲಷ್ಟೇ ನೋಡುವ ನ್ಯಾರೋ ಬ್ಯಾಂಡ್ ಇಮೇಜಿಂಗ್ ನಿಂತಿರುವುದು ಇದರ ಮೇಲೆ. ಎರಡು ಎಲ್‌ಇಡಿ, ನಡುವೆ ಒಂದು ಬಣ್ಣವನ್ನು ಹಾಯಿಸಿ ಇನ್ನೊಂದನ್ನು ಪ್ರತಿಫಲಿಸುವ ಡೈಕ್ರೋಯಿಕ್ ಗಾಜು. ಡೈಕ್ರೋಯಿಕ್ ಬಣ್ಣದ ಲೆಕ್ಕದಲ್ಲಿ ಬೆಳಕು ಕೂಡಿಸುವುದರಿಂದ ಎಟೆಂಡ್ಯೂ ಏರುವುದಿಲ್ಲ. ಹಳೇ ಪ್ರೊಜೆಕ್ಟರ್ ಬಿಚ್ಚಿದವರ ಹತ್ತಿರ ಅಂಥ ಗಾಜು ಇದ್ದರೆ ತಿಳಿಸಿ.

ಬೆಳಿಗ್ಗೆ ಅತ್ತಿಗೆ ಬಂದು ಮೆಣಸಿನಕಾಯಿಯೊಳಗೆ ಸ್ಕೋಪ್ ಇಳಿಸಿದರು. ಬಿಳಿ ತಿರುಳು, ಬೀಜದ ಗೊಂಚಲು, ಒಳಗೋಡೆಯ ಪೊರೆ ಎಲ್ಲ ನಿಚ್ಚಳ. ಒಂದು ಕ್ಷಣ ಸುಮ್ಮನಿದ್ದು, "ನಡುವೆ ಚೆನ್ನಾಗಿದೆ ಕಣೋ. ಅಂಚಲ್ಲಿರೋ ಬೀಜ ಕಾಣಿಸ್ತಿಲ್ಲ. ನಮಗೆ ಕಾಯಿಲೆ ಅಂಚಲ್ಲೇ ಸಿಗೋದು" ಅಂದರು.

ಅವರ ಮಾತು ಸರಿ. ಸ್ಕೋಪಿನ ನೋಟ ಒಟ್ಟು 70 ಡಿಗ್ರಿ. ಎಳೆಗಳು ಬೆಳಕು ಚೆಲ್ಲುವುದು ಒಟ್ಟು 66 ಡಿಗ್ರಿಗೆ, ಅದೂ ಅಂಚಿಗೆ ಹೋದಂತೆ ಮಸುಕು. ತುದಿಯಲ್ಲಿ ಬೆಳಕನ್ನು ಇನ್ನಷ್ಟು ಹರಡುವ ಸಣ್ಣ ನಿಮ್ನ ಗಾಜಿನ ಉಂಗುರ ಬೇಕು, ಒಳವ್ಯಾಸ 3 ಮಿ.ಮೀ. ಒಳಗೆ. ಇವತ್ತು ಮಧ್ಯಾಹ್ನ ಅದರ ನಕ್ಷೆ ಬರೆಯಲು ಕೂತಿದ್ದೇನೆ.