"ಯಾರ ಹತ್ರ ಕಲಿತ್ರಿ?" ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮಳವಳ್ಳಿ ಕಡೆ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಸುಟ್ಟ ಪಂಪ್‌ಸೆಟ್ ತಂದವರು ಕೆಲಸ ನೋಡುತ್ತಾ ನಿಂತಾಗ ಕೇಳುವುದು ಒಂದೇ. "ಅಣ್ಣ, ನೀವು ಯಾವ ಐಟಿಐಲಿ ಓದಿದ್ದು?" ಐಟಿಐ ಓದಿಲ್ಲ ಅಂದರೆ, "ಹಂಗಾದ್ರೆ ಯಾರ ಹತ್ರ ಕಲಿತ್ರಿ?" ಯಾರ ಹತ್ರಾನೂ ಇಲ್ಲ ಅಂದರೆ ನಂಬುವುದಿಲ್ಲ. ಈಚೆಗೆ ಮಗನನ್ನು ಜೊತೆಗೆ ಕರೆತಂದು "ಇವನೂ ಹಂಗೇ ಕಲೀಬೋದಾ?" ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಕೈಯಲ್ಲಿ ತಂತಿ ಹಿಡಿದು ಇದನ್ನೆಲ್ಲ ವಿವರಿಸಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಲಿಯಬಹುದು. ಆದರೆ ಯಾರೂ ಹೇಳಿಕೊಡಲಿಲ್ಲ ಅನ್ನುವುದು ಅರ್ಧ ಮಾತ್ರ ನಿಜ. ಸುಟ್ಟ ಮೋಟಾರನ್ನು ಬಿಚ್ಚಿದರೆ ಒಳಗೆ ಯಾರೋ ಸುತ್ತಿದ ಕಾಯಿಲ್, ಅಂದರೆ ತಂತಿಯ ಸುರುಳಿ, ಇರುತ್ತದೆ. ಫ್ಯಾಕ್ಟರಿಯವರೋ, ಮದ್ದೂರಿನ ಯಾವುದೋ ಅಂಗಡಿಯವರೋ ಗೊತ್ತಿಲ್ಲ. ಎಷ್ಟನೇ ಸ್ಲಾಟಿನಿಂದ (ಕಾಯಿಲ್ ಕೂರುವ ಕಬ್ಬಿಣದ ಸೀಳು) ಎಷ್ಟನೇ ಸ್ಲಾಟಿಗೆ ಹೋಗಿದ್ದಾರೆ, ಜಾಯಿಂಟ್ ಎಲ್ಲಿ ಹಾಕಿದ್ದಾರೆ, ದಾರ ಹೇಗೆ ಕಟ್ಟಿದ್ದಾರೆ, ಎಲ್ಲ ಕಣ್ಣೆದುರಿಗೇ ಇರುತ್ತದೆ. ಅವರ ಮುಖ ನೋಡಿಲ್ಲ, ಆದರೆ ನನಗೆ ಹೇಳಿಕೊಟ್ಟವರು ಅವರೇ. ಅವಸರದಲ್ಲಿ ತಂತಿ ಕತ್ತರಿಸಿ ಎಳೆದು ಬಿಸಾಕುವವನಿಗೆ ಅವರು ಏನೂ ಹೇಳುವುದಿಲ್ಲ.

ಸುಟ್ಟಿರುವ ರೀತಿಯನ್ನೇ ತಗೊಳ್ಳಿ. ನಮ್ಮ ಕಡೆ ಮೋಟಾರ್ ಸುಡುವುದಕ್ಕೆ ದೊಡ್ಡ ಕಾರಣ ಮೂರು ಫೇಸಿನಲ್ಲಿ, ಅಂದರೆ ಕರೆಂಟ್ ಬರುವ ಮೂರು ಲೈನಿನಲ್ಲಿ, ಒಂದು ಹೋಗುವುದು. ಟಿ.ಸಿ.ಯಲ್ಲಿ (ಟ್ರಾನ್ಸ್‌ಫಾರ್ಮರ್) ಒಂದು ಫ್ಯೂಸ್ ಹೋಗಿರುತ್ತದೆ, ಓಡುತ್ತಿದ್ದ ಮೋಟಾರ್ ಉಳಿದ ಎರಡರಲ್ಲೇ ಜಾಸ್ತಿ ಕರೆಂಟ್ ಎಳೆದುಕೊಂಡು ಗೊಂಯ್ ಅನ್ನುತ್ತಾ ಓಡುತ್ತದೆ, ಕಾಯಿಲ್ ಕಾಯುತ್ತದೆ. ಅಂಥದ್ದನ್ನು ಬಿಚ್ಚಿ ನೋಡಿದರೆ ಕಪ್ಪು ಒಂದು ಲೆಕ್ಕದಲ್ಲಿ ಬಿದ್ದಿರುತ್ತದೆ. ಡೆಲ್ಟಾ ಕನೆಕ್ಷನ್ (ಮೂರು ಫೇಸಿನ ಕಾಯಿಲ್‌ಗಳನ್ನು ತ್ರಿಕೋನದ ಹಾಗೆ ತುದಿಗೆ ತುದಿ ಸೇರಿಸುವುದು) ಇದ್ದರೆ ಒಂದು ಫೇಸಿನ ಕಾಯಿಲ್ ಮಾತ್ರ ಕರಕಲು, ಉಳಿದೆರಡು ಹೊಸದರ ಹಾಗೆ ಇರುತ್ತವೆ. ಸ್ಟಾರ್ (ಮೂರರ ಒಂದೊಂದು ತುದಿಯನ್ನು ಒಂದೇ ಕಡೆ ಸೇರಿಸುವುದು) ಇದ್ದರೆ ಎರಡು ಸುಟ್ಟು ಒಂದು ಉಳಿದಿರುತ್ತದೆ. ನಾಲ್ಕು ಪೋಲಿನ (ಅಯಸ್ಕಾಂತದ ಧ್ರುವ) ಮೋಟಾರಿನಲ್ಲಿ ಈ ಕರಕಲು ಸುತ್ತಲೂ ಸಮ ದೂರದಲ್ಲಿ ಬರುತ್ತದೆ. ವೋಲ್ಟೇಜ್ ಬಹಳ ಕಮ್ಮಿ ಇದ್ದು ಅಥವಾ ಲೋಡ್ ಜಾಸ್ತಿಯಾಗಿ ಸುಟ್ಟಿದ್ದರೆ ಎಲ್ಲ ಕಾಯಿಲೂ ಒಂದೇ ಥರ ಕಪ್ಪಾಗಿರುತ್ತವೆ. ಒಂದೇ ಒಂದು ಕಾಯಿಲ್ ಸುಟ್ಟಿದ್ದರೆ ಒಳಗೆ ತಂತಿಯ ಒಂದು ಸುತ್ತು ಇನ್ನೊಂದಕ್ಕೆ ತಾಗಿ ಶಾರ್ಟ್ ಆಗಿದೆ. ಸ್ಲಾಟಿನ ಬಾಯಲ್ಲಿ ಸಿಡಿದಿದ್ದರೆ ಬಾಡಿ ಶಾರ್ಟ್, ಅಂದರೆ ತಂತಿ ಮೋಟಾರಿನ ಕಬ್ಬಿಣಕ್ಕೆ ತಾಗಿದೆ. ಇದು ಗೊತ್ತಿದ್ದರೆ ರೈತನಿಗೆ "ಹೊಸ ವೈಂಡಿಂಗ್ ಹಾಕಿದರೂ ಒಂದು ಫೇಸ್ ಹೋದಾಗ ಮೋಟಾರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇಲ್ಲದಿದ್ದರೆ ಮತ್ತೆ ಸುಡುತ್ತೆ" ಅಂತ ಮೊದಲೇ ಹೇಳಬಹುದು. ಅವನ ಕಬ್ಬು ಒಣಗುತ್ತಿರುವಾಗ ಎರಡನೇ ಸಲದ ಖರ್ಚು ಉಳಿಸುವುದು ಸಣ್ಣ ವಿಷಯ ಅಲ್ಲ.

ಇನ್ನೊಂದು, ಬರೆದಿಡುವುದು. ಪ್ರತಿ ಮೋಟಾರಿನ ಸ್ಲಾಟ್, ಸುತ್ತು, ತಂತಿಯ ಗೇಜ್ (ದಪ್ಪ), ಪಿಚ್ (ಕಾಯಿಲ್ ಎಷ್ಟು ಸ್ಲಾಟ್ ದಾಟುತ್ತದೆ ಅನ್ನುವುದು), ಕನೆಕ್ಷನ್ನಿನ ಚಿತ್ರ, ಎಲ್ಲವನ್ನೂ ಬಿಚ್ಚುವ ಮುಂಚೆಯೇ ಪುಸ್ತಕಕ್ಕೆ ಹಾಕಬೇಕು. ವಿಜ್ಞಾನಿ ಮೈಕೆಲ್ ಫ್ಯಾರಡೆ ಹಾಗೆ ಬರೆದಿಟ್ಟೇ ಮುಂದೆ ಬಂದವರು. ಕಮ್ಮಾರನ ಮಗ, ಶಾಲೆ ಓದಿದ್ದು ಅಷ್ಟಕ್ಕಷ್ಟೆ. ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿದರು. 1812ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಭಾಷಣಗಳನ್ನು ಕೇಳಿ, ಬರೆದುಕೊಂಡು, ಆ ಟಿಪ್ಪಣಿಯನ್ನು ತಾವೇ ಬೈಂಡ್ ಮಾಡಿ ಡೇವಿಗೆ ಕಳಿಸಿದರು. ಮರುವರ್ಷ ಅವರ ಹತ್ತಿರವೇ ಕೆಲಸ ಸಿಕ್ಕಿತು. 1821ರಲ್ಲಿ ಕರೆಂಟ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಿರುಗುವ ಹಾಗೆ ಮಾಡಿ ತೋರಿಸಿದ್ದು ಅವರು. ಅಯಸ್ಕಾಂತದಿಂದ ಕರೆಂಟ್ ಹುಟ್ಟಿಸಬಹುದು ಅಂತ 1831ರಲ್ಲಿ ಕಂಡುಕೊಂಡಿದ್ದೂ ಅವರೇ. ನಮ್ಮ ತಾಲೂಕಿನ ಶಿವನಸಮುದ್ರದಲ್ಲಿ ಕರೆಂಟ್ ತೆಗೆದು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರಲ್ಲ, ಆ ಜನರೇಟರ್ ತಿರುಗಿದ್ದೂ ಅದೇ ಸೂತ್ರದ ಮೇಲೆ. ಫ್ಯಾರಡೆಗೆ ಗಣಿತ ಅಷ್ಟಾಗಿ ಬರುತ್ತಿರಲಿಲ್ಲ. ಇದನ್ನು ಓದಿದಾಗ ನನಗೆ ತುಂಬಾ ಧೈರ್ಯ ಬಂತು.

ಹಾಗಂತ ಲೆಕ್ಕ ಬೇಡ ಅಂದುಕೊಳ್ಳಬೇಡಿ. 0.80 ಮಿಲಿಮೀಟರ್ ತಂತಿ ಸಿಗಲಿಲ್ಲ, ಎರಡು ಸಣ್ಣ ತಂತಿ ಜೋಡಿಸಿ ಸುತ್ತಬೇಕು ಅನ್ನಿ. ಹುಡುಗರು ತಕ್ಷಣ "0.40 ಎರಡು" ಅನ್ನುತ್ತಾರೆ. ಹಾಗೆ ಹಾಕಿದರೆ ತಾಮ್ರ ಅರ್ಧಕ್ಕೆ ಇಳಿಯುತ್ತದೆ, ಮೋಟಾರ್ ಮತ್ತೆ ಸುಡುತ್ತದೆ. ಬೇಕಾದದ್ದು 0.57ರ ಎರಡು ತಂತಿ. ವೃತ್ತದ ವಿಸ್ತೀರ್ಣ ವ್ಯಾಸದ ವರ್ಗದ ಮೇಲೆ ಹೋಗುತ್ತದೆ ಅಂತ ಹೈಸ್ಕೂಲಿನಲ್ಲಿ ಎಲ್ಲರೂ ಓದಿರುತ್ತೇವೆ. ಬೇಕು ಅನ್ನಿಸಿದಾಗಲೇ ಅದು ತಲೆಗೆ ಹತ್ತುವುದು.

ಫೋನಿನಲ್ಲಿ ವೀಡಿಯೊ ನೋಡಿ ಕಲಿಯಬಹುದಾ ಅಂತಲೂ ಕೇಳುತ್ತಾರೆ. ನೋಡಿ, ಒಳ್ಳೆಯದೇ. ಕೈ ಹೇಗೆ ಆಡುತ್ತದೆ ಅಂತ ಕಾಣುತ್ತದೆ. ಆದರೆ ತಂತಿಯ ಮೇಲಿನ ಎನಾಮಲ್ (ಶಾರ್ಟ್ ಆಗದಂತೆ ತಡೆಯುವ ತೆಳು ಲೇಪ) ಕೆರೆಯದ ಹಾಗೆ ಸ್ಲಾಟಿಗೆ ಇಳಿಸುವುದು ಬೆರಳಿಗೇ ಬರಬೇಕು. ಬೇರಿಂಗ್ ಹೋಗಿದೆಯಾ ಅಂತ ತಿಳಿಯಲು ಸ್ಕ್ರೂಡ್ರೈವರ್ ತುದಿಯನ್ನು ಬೇರಿಂಗ್ ಕೂತಿರುವ ಜಾಗಕ್ಕೆ ಒತ್ತಿ, ಹಿಡಿಗೆ ಕಿವಿ ಕೊಟ್ಟು ಕೇಳುತ್ತೇವೆ. ಚೆನ್ನಾಗಿರುವುದು ಒಂದೇ ಸಮನೆ ಹಾಡುತ್ತದೆ, ಹೋಗಿರುವುದು ಕರಕರ ಅನ್ನುತ್ತದೆ. ಚೆನ್ನಾಗಿರುವುದನ್ನು ತುಂಬಾ ಸಲ ಕೇಳಿದವನಿಗೇ ಆ ವ್ಯತ್ಯಾಸ ಗೊತ್ತಾಗುವುದು.

ಒಂದು ಕೆಲಸ ಮಾತ್ರ ಯಾರೂ ಒಬ್ಬರೇ ಕಲಿಯಬಾರದು. ಅದು ಲೈನ್ ಇರುವಾಗ ಮುಟ್ಟುವ ಕೆಲಸ. ಸ್ಟಾರ್ಟರ್ ಬಿಚ್ಚುವುದು, ಹೊಲದಲ್ಲಿ ಕನೆಕ್ಷನ್ ಕೊಡುವುದು, ಮೊದಲ ಸಲ ಚಾಲೂ ಮಾಡಿ ಟಾಂಗ್ ಟೆಸ್ಟರಿನಲ್ಲಿ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಕರೆಂಟ್ ನೋಡುವುದು, ಇದಕ್ಕೆಲ್ಲ ಗೊತ್ತಿರುವವರು ಪಕ್ಕದಲ್ಲಿ ಇರಲೇಬೇಕು. ಕರೆಂಟ್ ತೆಗೆದ ಮೇಲೂ ಕಂಡೆನ್ಸರಿನಲ್ಲಿ (ಕೆಪಾಸಿಟರ್) ಚಾರ್ಜ್ ಉಳಿದಿರುತ್ತದೆ, ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಇದನ್ನು ನಾನು ಹಿರಿಯರ ಬಾಯಿಂದ ಕೇಳಿ ತಿಳಿದುಕೊಂಡೆ. ನೀವೂ ಹಾಗೇ ತಿಳಿದುಕೊಳ್ಳಿ. ಟಿ.ಸಿ. ತಂಟೆಗಂತೂ ಯಾರೂ ಹೋಗಬೇಡಿ, ಅದು ಲೈನ್‌ಮನ್ ಕೆಲಸ.

ಹುಡುಗರಿಗೆ ನಾನು ಹೇಳುವುದು, ಗುಜರಿಯಿಂದ ಕೆಟ್ಟ ಸೀಲಿಂಗ್ ಫ್ಯಾನ್ ತನ್ನಿ ಅಂತ. ಓಡಿಸುವ ರನ್ನಿಂಗ್ ಕಾಯಿಲ್ ಯಾವುದು, ಶುರು ಮಾಡಿಸುವ ಸ್ಟಾರ್ಟಿಂಗ್ ಕಾಯಿಲ್ ಯಾವುದು ಗುರುತಿಸಿ, ಚಿತ್ರ ಬರೆದು, ಸುತ್ತು ಎಣಿಸುತ್ತಾ ಬಿಚ್ಚಿ, ಹಾಗೇ ಮತ್ತೆ ಸುತ್ತಿ ನನಗೆ ತಂದು ತೋರಿಸಿ. ಕರೆಂಟ್ ಕೊಡುವುದನ್ನು ಅಂಗಡಿಯಲ್ಲಿ ಇಬ್ಬರೂ ಸೇರಿ ಮಾಡೋಣ. ನನಗೂ ಈಗ ಕಲಿಯುವ ಕಾಲ. ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟಾರಿನ) ಫ್ಯಾನ್‌ಗಳು ರಿಪೇರಿಗೆ ಬರಲು ಶುರುವಾಗಿವೆ. ಒಳಗೆ ಅಯಸ್ಕಾಂತ, ಜೊತೆಗೊಂದು ಸರ್ಕ್ಯೂಟ್ ಬೋರ್ಡ್. ಕಾಯಿಲ್ ನೋಡಿದರೆ ಅರ್ಥವಾಗುತ್ತದೆ, ಬೋರ್ಡ್ ಇನ್ನೂ ಪೂರ್ತಿ ಆಗಿಲ್ಲ. ಅದಕ್ಕೆ ಬೇರೆ ಪುಸ್ತಕ ತೆಗೆದಿದ್ದೇನೆ. ಎಲೆಕ್ಟ್ರಾನಿಕ್ಸ್ ಗೊತ್ತಿರುವ ಹುಡುಗರು ಯಾರಾದರೂ ಈ ಕಡೆ ಬಂದರೆ ಅಂಗಡಿಗೆ ಬನ್ನಿ, ನಿಮ್ಮ ಹತ್ತಿರ ಕೇಳುವುದು ಬಹಳ ಇದೆ.