ಹುರಿ ಮುಗಿಯುವ ಜಾಗ

ಕಳೆದ ತಿಂಗಳು ಜಯನಗರದ ಆಸ್ಪತ್ರೆಯೊಂದರಲ್ಲಿ ಅಮ್ಮನ ಮಂಡಿಯ ಆಪರೇಷನ್ ಆಯಿತು. ಮಂಡಿ ಕೊಯ್ಯುತ್ತಾರೆಂಬುದಕ್ಕಿಂತ, ಅದಕ್ಕೆ ಮೊದಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಭಾಗವನ್ನು ಮರಗಟ್ಟಿಸುತ್ತಾರೆಂಬುದೇ ಅವರಿಗೆ ದೊಡ್ಡ ಭಯವಾಗಿತ್ತು. ಹಿಂದಿನ ಸಂಜೆ ನೋಡಲು ಬಂದ ಅರಿವಳಿಕೆ ವೈದ್ಯೆಯನ್ನು ಕೇಳಿಯೇಬಿಟ್ಟರು: "ಅಲ್ಲಮ್ಮಾ, ಬೆನ್ನುಹುರಿಗೇ ಸೂಜಿ ಚುಚ್ಚಿದ್ರೆ ಕಾಲು ಬಿದ್ದುಹೋಗಲ್ವಾ?"

ವೈದ್ಯೆ ಅಮ್ಮನನ್ನು ಮಂಚದ ಅಂಚಿಗೆ ಕೂರಿಸಿ, ಎರಡೂ ಅಂಗೈಗಳನ್ನು ಸೊಂಟದ ಮೂಳೆಯ ಏಣಿನ ಮೇಲಿಟ್ಟು, ಹೆಬ್ಬೆರಳುಗಳನ್ನು ಬೆನ್ನಿನ ನಡುವೆ ಕೂಡಿಸಿದರು. "ಇದು ಸೊಂಟದ ನಾಲ್ಕನೇ ಮಣಿ. ಹುರಿ ಇಲ್ಲಿತನಕ ಬರೋದೇ ಇಲ್ಲಮ್ಮ, ಮೇಲೇ ಮುಗಿದುಹೋಗಿರುತ್ತೆ."

ಅಮ್ಮನ ಭಯಕ್ಕೆ ಅರ್ಧ ಕಾರಣ ನಮ್ಮ ಮಾತೇ ಎಂದು ನನಗೆ ಅನ್ನಿಸಿತು. ಮೂಳೆಗಳ ಸಾಲನ್ನೂ ಅದರೊಳಗಿನ ನರದ ಹುರಿಯನ್ನೂ ನಾವು ಬೆನ್ನುಹುರಿ ಎಂದೇ ಕರೆಯುವುದರಿಂದ, ಎರಡೂ ಒಂದೇ ಉದ್ದದವೆಂಬ ಭಾವನೆ ತಾನಾಗಿ ಬೆಳೆದಿದೆ. ಶಾಲೆಯ ಪುಸ್ತಕದಲ್ಲಿ ನರದ ಹುರಿಗಿದ್ದ ಮೆದುಳುಬಳ್ಳಿ ಎಂಬ ಪದ ಈ ಗೊಂದಲವನ್ನು ತಪ್ಪಿಸುತ್ತದೆಯಾದರೂ ಪರೀಕ್ಷೆ ಮುಗಿದ ಮೇಲೆ ಅದನ್ನು ಬಳಸಿದವರನ್ನು ನಾನು ಕಂಡಿಲ್ಲ. ಮಣಿ, ಹುರಿ ಎಂದ ಕೂಡಲೇ ಪೋಣಿಸಿದ ಸರ ಕಣ್ಣಿಗೆ ಕಟ್ಟುತ್ತದೆ, ಆದರೆ ಇಲ್ಲಿ ಮಣಿಗಳನ್ನು ಹಿಡಿದಿಟ್ಟಿರುವುದು ಹುರಿಯಲ್ಲ, ನಡುವಿನ ಡಿಸ್ಕ್‌ಗಳು, ಅಸ್ಥಿರಜ್ಜುಗಳು ಮತ್ತು ಸ್ನಾಯುಗಳು.

ಕತ್ತಿನಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5 ಬಿಡಿ ಮಣಿಗಳಿದ್ದು, ಅವುಗಳ ಕೆಳಗೆ 5 ಮಣಿಗಳು ಬೆಸೆದುಕೊಂಡಾದ ತ್ರಿಕಾಸ್ಥಿಯೂ, ಸಾಮಾನ್ಯವಾಗಿ 4 ಪುಟ್ಟ ಮಣಿಗಳ ಬಾಲದ ಮೂಳೆಯೂ ಇವೆ. ಸುಮಾರು 60ರಿಂದ 70 ಸೆಂಟಿಮೀಟರ್ ಉದ್ದದ ಈ ಸಾಲಿನೊಳಗಿನ ಮೆದುಳುಬಳ್ಳಿಯ ಉದ್ದ 45 ಸೆಂಟಿಮೀಟರ್ ಆಸುಪಾಸು ಮಾತ್ರ. ಗರ್ಭದಲ್ಲಿ ಮೂರನೆಯ ತಿಂಗಳವರೆಗೆ ಎರಡೂ ಸಮಸಮವಾಗಿರುತ್ತವೆ. ಆಮೇಲೆ ಮೂಳೆಯ ಬೆಳವಣಿಗೆ ಹುರಿಯದನ್ನು ಹಿಂದೆ ಹಾಕುತ್ತದೆ. ಮಗು ಹುಟ್ಟುವ ಹೊತ್ತಿಗೆ ಹುರಿಯ ತುದಿ ಸೊಂಟದ ಮೂರನೇ ಮಣಿಯ ಹತ್ತಿರವಿದ್ದರೆ, ದೊಡ್ಡವರಲ್ಲಿ ಅದು ಸಾಮಾನ್ಯವಾಗಿ ಮೊದಲ ಮತ್ತು ಎರಡನೇ ಮಣಿಗಳ ನಡುವೆಯೇ ನಿಂತುಬಿಟ್ಟಿರುತ್ತದೆ. ಆದರೆ ಕಾಲಿಗೆ ಹೋಗುವ ನರಗಳು ಹೊರಬರಬೇಕಾದ ಕಿಂಡಿಗಳು ಮೂಳೆಯ ಜೊತೆಗೇ ಕೆಳಗಿಳಿದಿರುವುದರಿಂದ, ಆ ನರಗಳು ತಮ್ಮ ಕಿಂಡಿ ಸಿಗುವ ತನಕ ನೀರಿನಂಥ ದ್ರವದಲ್ಲಿ ಎಳೆಎಳೆಯಾಗಿ ಇಳಿಬಿದ್ದಿರುತ್ತವೆ. ಲ್ಯಾಟಿನ್ನಿನಲ್ಲಿ ಇದಕ್ಕೆ ಕುದುರೆಬಾಲವೆಂದು ಹೆಸರು. ನಾನು ಅಮ್ಮನಿಗೆ ಜಡೆ ಕುಚ್ಚು ಎಂದು ಹೇಳಿದೆ: ಹೆಣೆದ ಜಡೆ ಮೇಲೆಯೇ ಮುಗಿದಿದೆ, ಸೂಜಿ ಹೋಗುವುದು ಕುಚ್ಚಿನ ಮಟ್ಟದಲ್ಲಿ, ಅಲ್ಲಿನ ಎಳೆಗಳು ಸಾಮಾನ್ಯವಾಗಿ ಸೂಜಿಗೆ ಪಕ್ಕಕ್ಕೆ ಸರಿಯುತ್ತವೆ.

ಸೂಜಿಗೆ ದಾರಿ ಕೊಡುವುದು ಮಣಿಯ ಆಕಾರ. ಎದೆಯ ಹಿಂಭಾಗದ, ಅದರಲ್ಲೂ ನಡುವಿನ, ಮಣಿಗಳ ಹಿಂಚಾಚುಗಳು ಚಾಮರಾಜಪೇಟೆಯ ಹಳೆಯ ಮನೆಗಳ ಹೆಂಚಿನಂತೆ ಒಂದರ ಮೇಲೊಂದು ಬಾಗಿ ಸಂದಿಯನ್ನು ಮುಚ್ಚಿರುತ್ತವೆ. ಸೊಂಟದವು ಅಗಲವಾಗಿ, ಹೆಚ್ಚುಕಡಿಮೆ ಅಡ್ಡಲಾಗಿ ಚಾಚಿರುತ್ತವೆ. ಬೆನ್ನು ಬಗ್ಗಿಸಿ ಗಲ್ಲವನ್ನು ಎದೆಗೆ ತಾಗಿಸಿ ಕೂತರೆ ಆ ಸಂದಿಗಳು ಇನ್ನೂ ತೆರೆದುಕೊಳ್ಳುತ್ತವೆ. "ಅಲುಗಾಡ್ಬೇಡಿ, ಬೆಕ್ಕಿನ ಥರ ಬೆನ್ನು ಬಗ್ಗಿಸಿ" ಎಂದು ಮಾರನೆಯ ದಿನ ವೈದ್ಯೆ ಹೇಳಿದ್ದು ಇದಕ್ಕೇ ಎಂದು ಅಮ್ಮ ಆಮೇಲೆ ನನಗೇ ಪಾಠ ಹೇಳಿದರು. (ಜರ್ಮನಿಯ ಶಸ್ತ್ರವೈದ್ಯ ಆಗಸ್ಟ್ ಬೀರ್ 1898ರಲ್ಲಿ ಈ ವಿಧಾನವನ್ನು ತಮ್ಮ ಮೇಲೂ ಪ್ರಯೋಗಿಸಿ ದಿನಗಟ್ಟಲೆ ತಲೆನೋವು ಅನುಭವಿಸಿದ್ದನ್ನು ನಾನು ಅವರಿಗೆ ಬೇಕೆಂದೇ ಹೇಳಿರಲಿಲ್ಲ.)

ಮಧ್ಯಾಹ್ನ ವಾರ್ಡಿಗೆ ಕರೆತಂದಾಗ ಕಾಲುಗಳು ಇನ್ನೂ ಜೋಮಿನಲ್ಲಿದ್ದವು. ಆಪರೇಷನ್ ಆಗದ ಕಾಲನ್ನು ಅಮ್ಮ ಆಗಾಗ ನನ್ನಿಂದ ಮುಟ್ಟಿಸಿಕೊಂಡು ಪರೀಕ್ಷಿಸುತ್ತಿದ್ದರು. ಮೊದಲು ತೊಡೆಯ ಮುಂಭಾಗಕ್ಕೆ ಸ್ಪರ್ಶ ತಿಳಿಯಿತು, ಏಕೆಂದರೆ ಅಲ್ಲಿಯ ನರಗಳು ಸೊಂಟದ ಮಣಿಗಳಲ್ಲಿ ಮೇಲಿನವುಗಳ ಕಡೆಯವು, ಜೋಮೂ ಮೇಲಿನಿಂದಲೇ ಬಿಡುತ್ತಾ ಬರುತ್ತದೆ. ತ್ರಿಕಾಸ್ಥಿಯ ಕಿಂಡಿಗಳಿಂದ ಹೊರಬರುವ ನರಗಳ ಪಾಲಿನ ಅಂಗಾಲಿಗೆ ಕಚಗುಳಿ ತಿಳಿಯುವ ಹೊತ್ತಿಗೆ, ಕಾಫಿ ತರುವವನು ಎರಡು ಸಲ ಬಂದು ಹೋಗಿದ್ದ.