ನಾಲ್ಕು ಬೆರಳು ಮೇಲಿದ್ದ ರಥ

ಮೊನ್ನೆಗೆ ನನ್ನ ಹರಕೆ ಮುಗಿಯಿತು. ಒಂದು ಮಂಡಲ, ಅಂದರೆ 48 ದಿನ, ಸುಳ್ಳು ಹೇಳುವುದಿಲ್ಲ ಎಂದು ದೇವರ ಮುಂದೆ ಹೇಳಿಕೊಂಡಿದ್ದೆ. ಅಮ್ಮ ಆಸ್ಪತ್ರೆಯಿಂದ ತನ್ನ ಕಾಲ ಮೇಲೆ ನಡೆದುಕೊಂಡು ಮನೆಗೆ ಬಂದ ದಿನ ತಾನಾಗಿ ಬಾಯಿಗೆ ಬಂದ ಹರಕೆ ಅದು. ದೊಡ್ಡ ಪೂಜೆಯೊಂದನ್ನು ಹೇಳಿಕೊಂಡಿದ್ದರೆ ಒಂದು ಬೆಳಗ್ಗೆಯಲ್ಲಿ ತೀರಿಹೋಗುತ್ತಿತ್ತು. ಈಗ ಹರಕೆ ಎಂದರೆ ಜಾಸ್ತಿ ಅದೇ ಆಗಿಬಿಟ್ಟಿದೆ. ಅದು ಕೊಡು, ಇದು ಕೊಡುತ್ತೇನೆ. ನಡತೆಯನ್ನು ಹರಕೆ ಹೊರುವವರು ಕಡಿಮೆಯಾದರು ಎಂದು ನನಗೆ ನಿಜಕ್ಕೂ ಬೇಸರವಿದೆ.

ಮೊದಲ ವಾರದಲ್ಲೇ ನನ್ನ ಬಗ್ಗೆ ನನಗೇ ಗಾಬರಿಯಾಯಿತು. ಇನ್ನೂ ಮನೆಯ ಬಾಗಿಲು ದಾಟಿರುವುದಿಲ್ಲ, ಫೋನಿನಲ್ಲಿ ‘ದಾರಿಯಲ್ಲಿದ್ದೇನೆ’ ಎನ್ನುವುದು ಎಷ್ಟು ಸಲೀಸಾಗಿತ್ತು!

ಅಣ್ಣನ ಮಗ ದೇವರನ್ನು ನಂಬುವುದಿಲ್ಲ. ಆದರೆ ಅವನಷ್ಟು ನೇರ ಹುಡುಗನನ್ನು ನಮ್ಮ ಮನೆಯಲ್ಲಿ ನಾನು ಕಂಡಿಲ್ಲ. ಹರಕೆಯ ವಿಷಯ ತಿಳಿದು ಕೇಳಿದ: “ಅತ್ತೆ, ದೇವರಿಗೆ ಹೆದರಿ ನಿಜ ಹೇಳಿದರೆ ಅದು ಒಳ್ಳೆಯತನ ಹೇಗಾಗುತ್ತೆ? ಜನ ಒಟ್ಟಿಗೆ ಬದುಕಬೇಕಲ್ವಾ, ಅದಕ್ಕೆ ನೀತಿ ಅಂತ ಮಾಡಿಕೊಂಡರು.” ಆಮೇಲೆ ಗ್ರೀಸಿನ ಸಾಕ್ರೆಟಿಸ್‌ನ ಮಾತು ತೆಗೆದ. ಒಳ್ಳೆಯದು ಎಂಬ ಕಾರಣಕ್ಕೆ ದೇವರು ಅದನ್ನು ಮೆಚ್ಚುತ್ತಾನೋ, ದೇವರು ಮೆಚ್ಚಿದ್ದರಿಂದ ಅದು ಒಳ್ಳೆಯದಾಯಿತೋ? ಸುಮಾರು 2400 ವರ್ಷಗಳ ಹಿಂದಿನ ಪ್ರಶ್ನೆಯಂತೆ.

ಆ ಪ್ರಶ್ನೆ ನನಗೆ ಹೊಸದಾಗಿರಲಿಲ್ಲ. ಏಳೆಂಟು ವರ್ಷದವಳಿದ್ದಾಗ ನಾನೇ ಅಜ್ಜಿಯನ್ನು ಕೇಳಿದ್ದೆ. ಭಾರತದ ಕಥೆ ನಡೆಯುತ್ತಿತ್ತು. ಧರ್ಮರಾಯನ ರಥ ನೆಲಕ್ಕೆ ತಾಗದೆ ನಾಲ್ಕು ಬೆರಳು ಮೇಲೆ ಓಡುತ್ತಿತ್ತು. ‘ಅಶ್ವತ್ಥಾಮ ಸತ್ತ’ ಎಂದು ಗಟ್ಟಿಯಾಗಿಯೂ ‘ಆನೆ’ ಎಂದು ಮೆಲ್ಲಗೂ ಹೇಳಿದ ಕೂಡಲೇ ಅದು ಇಳಿದು ಮಣ್ಣಿಗೆ ತಾಗಿತು. ನಾನು ಕೇಳಿದೆ: “ಹಾಗೆ ಹೇಳು ಅಂದವನು ಕೃಷ್ಣನೇ ಅಲ್ವಾ ಅಜ್ಜಿ? ದೇವರು ಹೇಳಿದ ಹಾಗೆ ಮಾಡಿದರೂ ರಥ ಯಾಕೆ ಇಳೀತು?”

ಅಜ್ಜಿ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಮಂಗಳಾರತಿಯಾಯಿತು. ಅವರು ಆರತಿಯ ಮೇಲೆ ಎರಡೂ ಅಂಗೈ ಹಿಡಿದು, ತಮ್ಮ ಕಣ್ಣಿಗೆ ಒತ್ತಿಕೊಳ್ಳುವ ಮೊದಲು ನನ್ನ ಕಣ್ಣಿಗೆ ಒತ್ತಿದರು. ಒರಟು ಕೈ. ಬೆರಳ ಸಂದಿನಲ್ಲಿ ಕರ್ಪೂರದ ವಾಸನೆ. ರೆಪ್ಪೆಯೊಳಗೆ ಕೆಂಪು ಬೆಳಕು. ಆ ಬಿಸಿ ಇವತ್ತಿಗೂ ಹೋಗಿಲ್ಲ. ಅಜ್ಜಿಯ ಮುಖ ಈಗ ಸ್ವಲ್ಪ ಮಸುಕಾಗಿದೆ, ಧ್ವನಿಯೂ ಸರಿಯಾಗಿ ನೆನಪಿಲ್ಲ. ಆ ಅಂಗೈ ಮಾತ್ರ ಹಾಗೇ ಇದೆ.

ಹರಕೆಯ ನಡುವೆ ಒಂದು ದಿನ ಕೆಲಸದ ಜಾಗದಲ್ಲಿ ಒಂದು ಲೆಕ್ಕ ತಪ್ಪಿತ್ತು. ತಪ್ಪು ನನ್ನದು. ಬೈಸಿಕೊಳ್ಳುತ್ತಿದ್ದವಳು ಹೊಸದಾಗಿ ಸೇರಿದ ಹುಡುಗಿ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಸುಮ್ನೆ ಇದ್ದಿದ್ದರೆ ಹರಕೆ ಮುರಿಯುತ್ತಿರಲಿಲ್ಲ, ಸುಳ್ಳು ಹೇಳಿದಂತೆಯೂ ಆಗುತ್ತಿರಲಿಲ್ಲ. ದೇವರಿಗೆ ಕೊಟ್ಟ ಮಾತು ಉಳಿಯುತ್ತಿತ್ತು, ನಾಲ್ಕು ಜನರ ನಡುವೆ ನನ್ನ ಹೆಸರೂ ಉಳಿಯುತ್ತಿತ್ತು. ಆದರೆ ಕಣ್ಣಿನ ಮೇಲೆ ಅದೇ ಬಿಸಿ. ‘ಆನೆ’ ಎಂದು ಮೆಲ್ಲಗೆ ಹೇಳಿದವನಿಗಿಂತ ನಾನು ಇನ್ನೂ ಮೆಲ್ಲಗಿದ್ದೇನಲ್ಲ ಅನ್ನಿಸಿತು. ಎದ್ದು ನಿಂತು, “ಅದು ನನ್ನ ಕೈತಪ್ಪು” ಎಂದೆ. ಧ್ವನಿ ನಡುಗುತ್ತಿತ್ತು.

ಆ ರಾತ್ರಿ ತುಂಬಾ ಹೊತ್ತು ಯೋಚಿಸಿದೆ. ನನ್ನನ್ನು ಎಬ್ಬಿಸಿದ್ದು ಯಾರು? ಭಯವಂತೂ ಅಲ್ಲ. ಜನ ಕಲಿಸಿದ ನೀತಿ ಎನ್ನೋಣವೇ? ಮಾತು ಕಲಿಸಿದ್ದು ಜನ, ಕಥೆ ಹೇಳಿದ್ದು ಅಜ್ಜಿ, ಅದು ಖಂಡಿತ ನಿಜ. ಆದರೆ ದೇವಸ್ಥಾನದ ಬಾಗಿಲು ಇವರಿಗೆ ಇಲ್ಲ ಎಂದು ಶತಮಾನಗಟ್ಟಲೆ ಹೇಳಿದ್ದೂ ಸಮಾಜವೇ. ಅದಕ್ಕೆ ದೇವರ ಹೆಸರನ್ನೂ ಸೇರಿಸಿಕೊಂಡಿತ್ತು. ತಿರುವಾಂಕೂರಿನ ಮಹಾರಾಜರು ದೇವಸ್ಥಾನಗಳನ್ನು ಎಲ್ಲ ಜಾತಿಯ ಹಿಂದೂಗಳಿಗೂ ತೆರೆದದ್ದು 1936ರ ನವೆಂಬರ್ 12ರಂದು. ಅಲ್ಲಿಯವರೆಗೆ ಹೊರಗೆ ನಿಂತವರ ಎದೆಯಲ್ಲಿ ‘ಇದು ತಪ್ಪು’ ಎಂದದ್ದು ಯಾರು? ಅವರಿಗೆ ಅದನ್ನು ಸಮಾಜ ಕಲಿಸಿರಲಿಲ್ಲ. ದಯೆ ಇಲ್ಲದ ಧರ್ಮ ಯಾವುದಯ್ಯಾ ಎಂದು 12ನೇ ಶತಮಾನದಲ್ಲೇ ಬಸವಣ್ಣ ಕೇಳಿದ್ದರಲ್ಲ, ಆ ಪ್ರಶ್ನೆಯೂ ಸುತ್ತಲಿನವರನ್ನು ಮೆಚ್ಚಿಸಲು ಹುಟ್ಟಿದ್ದಲ್ಲ.

ಧರ್ಮರಾಯನ ಕೊನೆಯ ನಡಿಗೆಯೂ ನೆನಪಾಯಿತು. ತಮ್ಮಂದಿರು ಬಿದ್ದರು, ದ್ರೌಪದಿ ಬಿದ್ದಳು, ಜೊತೆಗೆ ಉಳಿದದ್ದು ಒಂದು ನಾಯಿ. ಅದನ್ನು ಬಿಟ್ಟು ರಥ ಹತ್ತು ಎಂದು ಇಂದ್ರನೇ ಹೇಳಿದ. ಈ ಸಲ ಅವನು ಒಪ್ಪಲಿಲ್ಲ. ನಂಬಿ ಬಂದದ್ದನ್ನು ಬಿಟ್ಟು ಸ್ವರ್ಗ ಬೇಡ ಎಂದ. ಆಗಲೇ ನಾಯಿಯ ರೂಪದಲ್ಲಿದ್ದ ಧರ್ಮದೇವತೆ ಎದುರು ನಿಂತದ್ದು. ರಥದ ಮೇಲಿಂದ ಅಪ್ಪಣೆ ಕೊಟ್ಟವನೂ ದೇವರೇ, ಕಾಲ ಬಳಿ ಮಾತಿಲ್ಲದೆ ನಿಂತಿದ್ದವನೂ ದೇವರೇ. ನಾನು ನಂಬುವುದು ಆ ಎರಡನೆಯವನನ್ನು. ಅವನು ನಂಬುವವರ ಎದೆಯಲ್ಲಿ ಮಾತ್ರ ಇರುತ್ತಾನೆ ಎಂದು ನನಗೆ ಅನ್ನಿಸುವುದಿಲ್ಲ. ಇಲ್ಲದಿದ್ದರೆ ನಮ್ಮ ಹುಡುಗ ಇಷ್ಟು ನೇರ ಹೇಗಾದ?

ಮೊನ್ನೆ ಹರಕೆ ಒಪ್ಪಿಸಲು ಹೋದಾಗ ನನ್ನನ್ನು ಕರೆದುಕೊಂಡು ಹೋದವನೂ ಅವನೇ. ಕೈ ಮುಗಿಯಲಿಲ್ಲ, ಕಂಬದ ಪಕ್ಕ ಸುಮ್ನೆ ನಿಂತಿದ್ದ. ಮಂಗಳಾರತಿ ಬಂತು. ಅಂಗೈ ಹಿಡಿದೆ, ಚೆನ್ನಾಗಿ ಬಿಸಿ ತಾಗುವವರೆಗೆ. ನೇರ ಹೋಗಿ ಅವನ ಕಣ್ಣಿಗೆ ಒತ್ತಿದೆ. ನನಗಿಂತ ಒಂದು ಮೊಳ ಎತ್ತರ ಇದ್ದಾನೆ. ಸ್ವಲ್ಪ ಬಗ್ಗಿಕೊಟ್ಟ.

“ಬಿಸಿ ಇದೆ ಅತ್ತೆ” ಎಂದ. ಮುಖ ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.